ಸಟ್ಲೆಜ್ ದಂಡೆಯ ಸಿಖ್ ದೊರೆಗಳು: ಯಾರ ಆಸರೆ, ಯಾವ ಬೆಲೆ?

ಬೆಳಗಿನ ಹೊತ್ತು ಪಟಿಯಾಲಾದ ಬಸ್ ನಿಲ್ದಾಣದಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಸಂಗ್ರೂರ್, ನಾಭಾ, ಬಠಿಂಡಾ ಎಂದು ಕಂಡಕ್ಟರುಗಳು ಕೂಗುತ್ತಿರುತ್ತಾರೆ. ಕಾಲೇಜಿಗೆ ಹೊರಟ ಹುಡುಗಿಯರು, ಕೋರ್ಟಿನ ಕಾಗದಪತ್ರ ಕಂಕುಳಲ್ಲಿಟ್ಟುಕೊಂಡ ರೈತರು ಸೀಟು ಹಿಡಿಯಲು ನುಗ್ಗುತ್ತಿರುತ್ತಾರೆ. ಬಸ್ಸುಗಳ ಮೈಮೇಲೆ ಪಿಆರ್‌ಟಿಸಿ ಎಂದು ಬರೆದಿರುತ್ತದೆ. ಹೊರಗಿನಿಂದ ಹೋದವರು ಮೊದಲ ಅಕ್ಷರಕ್ಕೆ ಪಂಜಾಬ್ ಎಂದು ಅರ್ಥ ಮಾಡಿಕೊಳ್ಳುವುದು ಸಹಜ. ಅದು ಪಂಜಾಬ್ ಅಲ್ಲ, ಪೆಪ್ಸು. 1956ರಲ್ಲಿ ಭಾರತದ ನಕ್ಷೆಯಿಂದ ಮರೆಯಾದ ಒಂದು ರಾಜ್ಯದ ಹೆಸರು.

ಪಟಿಯಾಲಾ ಅಂಡ್ ಈಸ್ಟ್ ಪಂಜಾಬ್ ಸ್ಟೇಟ್ಸ್ ಯೂನಿಯನ್ ಎಂಬ ಉದ್ದ ಹೆಸರನ್ನು ಜನ ಪೆಪ್ಸು ಎಂದು ಮೊಟಕು ಮಾಡಿಕೊಂಡಿದ್ದರು. ಸ್ವಾತಂತ್ರ್ಯ ಬಂದ ಮರುವರ್ಷ ಎಂಟು ಸಂಸ್ಥಾನಗಳು ಸೇರಿ ಆದ ರಾಜ್ಯ ಅದು. ಪಟಿಯಾಲಾ, ಜೀಂದ್, ನಾಭಾ, ಕಪೂರ್ತಲಾ, ಫರೀದ್‌ಕೋಟ್ ಮತ್ತು ಕಲ್ಸಿಯಾ ಎಂಬ ಆರು ಸಂಸ್ಥಾನಗಳನ್ನು ಆಳುತ್ತಿದ್ದವರು ಸಿಖ್ಖರು. ಮಾಲೇರ್‌ಕೋಟ್ಲಾದಲ್ಲಿ ಮುಸ್ಲಿಂ ನವಾಬರಿದ್ದರು, ನಾಲಾಗಢದಲ್ಲಿ ರಜಪೂತ ರಾಜರಿದ್ದರು.

ಸಿಖ್ ರಾಜ್ಯ ಎಂದಾಗ ನಮ್ಮಲ್ಲಿ ಹೆಚ್ಚಿನವರ ಮನಸ್ಸಿಗೆ ಬರುವುದು ಲಾಹೋರಿನ ಮಹಾರಾಜಾ ರಣಜಿತ್ ಸಿಂಗ್. ಅವನು ತೀರಿಕೊಂಡ ಹತ್ತೇ ವರ್ಷಕ್ಕೆ, 1849ರಲ್ಲಿ, ಆ ಸಾಮ್ರಾಜ್ಯ ಬ್ರಿಟಿಷರ ಪಾಲಾಯಿತು. ಪಟಿಯಾಲಾದಂಥ ಸಣ್ಣ ಸಂಸ್ಥಾನಗಳು ಮಾತ್ರ ಮತ್ತೂ ನೂರು ವರ್ಷ ಬಾಳಿದವು. ದೊಡ್ಡದು ಅಳಿದು ಸಣ್ಣವು ಉಳಿದದ್ದಕ್ಕೆ ಕಾರಣ ಅವು ಕಾಲಕಾಲಕ್ಕೆ ಯಾರ ಜೊತೆ ನಿಂತವು ಎಂಬುದರಲ್ಲಿದೆ. ಹಾಗೆ ನಿಂತದ್ದಕ್ಕೆ ಅವು ಏನನ್ನು ತೆರಬೇಕಾಯಿತು ಎಂಬುದನ್ನೂ ಜೊತೆಗೇ ನೋಡಬೇಕು.

ಕುದುರೆ ಮೇಲಿನ ರಾಜ್ಯಗಳು

ಹದಿನೆಂಟನೇ ಶತಮಾನದ ನಡುಭಾಗದಲ್ಲಿ ಪಂಜಾಬಿಗೆ ಒಬ್ಬ ಒಡೆಯನಿರಲಿಲ್ಲ. ದೆಹಲಿಯ ಮೊಘಲರ ಕೈ ಸೋತಿತ್ತು. ಅಫ್ಘಾನಿಸ್ತಾನದ ಅಹ್ಮದ್ ಶಾ ಅಬ್ದಾಲಿ ಮತ್ತೆ ಮತ್ತೆ ದಂಡೆತ್ತಿ ಬರುತ್ತಿದ್ದ. ಮರಾಠರೂ ಒಂದೆರಡು ವರ್ಷ ಬಂದು ಹೋದರು. ಈ ಕಿತ್ತಾಟದ ನಡುವೆ ಸಿಖ್ ಸರ್ದಾರರು ಸಣ್ಣ ಸಣ್ಣ ಕುದುರೆ ದಂಡುಗಳನ್ನು ಕಟ್ಟಿಕೊಂಡರು. ಅವನ್ನು ಮಿಸಲುಗಳು ಎನ್ನುತ್ತಾರೆ. ಹನ್ನೆರಡು ಎಂದು ಎಣಿಸುವುದು ರೂಢಿ. 1748ರಲ್ಲಿ ಅಮೃತಸರದಲ್ಲಿ ಇವೆಲ್ಲ ದಳ ಖಾಲ್ಸಾ ಎಂಬ ಒಂದೇ ಹೆಸರಿನಡಿ ಸೇರಿದವು. ಒಟ್ಟು ಸೇನೆಯ ನಾಯಕತ್ವ ಜಸ್ಸಾ ಸಿಂಗ್ ಆಹ್ಲೂವಾಲಿಯಾನ ಪಾಲಿಗೆ ಬಂತು. ಕಪೂರ್ತಲಾ ಸಂಸ್ಥಾನದ ಮೂಲಪುರುಷ ಇವನೇ.

ವರ್ಷಕ್ಕೆ ಎರಡು ಬಾರಿ, ಬೈಸಾಖಿಗೆ ಮತ್ತು ದೀಪಾವಳಿಗೆ, ಸರ್ದಾರರೆಲ್ಲ ಅಮೃತಸರದ ಅಕಾಲ ತಖ್ತಿನ ಮುಂದೆ ಸೇರುತ್ತಿದ್ದರು. ಗುರುಗ್ರಂಥದ ಸನ್ನಿಧಿಯಲ್ಲಿ ಆದ ತೀರ್ಮಾನಕ್ಕೆ ಎಲ್ಲರೂ ತಲೆಬಾಗಬೇಕಿತ್ತು. ಹಳ್ಳಿಗಳೊಂದಿಗಿನ ಅವರ ನಂಟು ಇನ್ನೊಂದು ಬಗೆಯದು. ಲೂಟಿಯಿಂದ ಕಾಪಾಡುತ್ತೇವೆ, ಬೆಳೆಯ ಕಂದಾಯದಲ್ಲಿ ಐದನೇ ಒಂದು ಪಾಲು ಕೊಡಿ ಎಂಬ ಕರಾರು. ಇದಕ್ಕೆ ರಾಖಿ ಎನ್ನುತ್ತಿದ್ದರು. ಕಾವಲು ಕಾಯಲು ಬಂದವರು ನಿಧಾನವಾಗಿ ಕಂದಾಯ ಎತ್ತುವವರಾದರು, ಕೋಟೆ ಕಟ್ಟಿದರು, ದೊರೆಗಳಾದರು. ಮುಂದಿನ ಸಂಸ್ಥಾನಗಳ ಬೇರು ಇಲ್ಲಿದೆ.

ಫೂಲನ ವಂಶ

ಪಟಿಯಾಲಾ, ನಾಭಾ, ಜೀಂದ್ ಮೂರೂ ದಾಯಾದಿ ಮನೆತನಗಳು. ಹದಿನೇಳನೇ ಶತಮಾನದಲ್ಲಿದ್ದ ಚೌಧರಿ ಫೂಲ್ ಎಂಬವನು ಇವರ ಮೂಲಪುರುಷ. ಆದ್ದರಿಂದ ಇವು ಫೂಲ್ಕಿಯಾ ಸಂಸ್ಥಾನಗಳು. ಅವನ ಹಿರಿಯ ಮಗ ತಿಲೋಕನ ಸಂತತಿ ನಾಭಾ ಮತ್ತು ಜೀಂದನ್ನು ಆಳಿತು. ಇನ್ನೊಬ್ಬ ಮಗ ರಾಮನ ಸಂತತಿ ಪಟಿಯಾಲಾವನ್ನು ಆಳಿತು. ಹಿರಿಯನ ಕವಲು ನಮ್ಮದು ಎಂದು ನಾಭಾದವರು ಹೇಳುತ್ತಿದ್ದರು. ರಾಜ್ಯ ದೊಡ್ಡದು ನಮ್ಮದು ಎಂದು ಪಟಿಯಾಲಾದವರು ಹೇಳುತ್ತಿದ್ದರು. ಈ ಬಿಗುಮಾನ ಇನ್ನೂರು ವರ್ಷ ಆರಲಿಲ್ಲ.

ಈ ಮನೆತನಗಳು ಕಣ್ಣಿಗೊತ್ತಿಕೊಳ್ಳುತ್ತಿದ್ದ ಒಂದು ಕಾಗದವಿದೆ. 1696ರಲ್ಲಿ ಗುರು ಗೋವಿಂದ ಸಿಂಗರು ತಿಲೋಕ ಮತ್ತು ರಾಮ ಇಬ್ಬರಿಗೂ ಕಳುಹಿಸಿದ ಹುಕುಂನಾಮೆ. ಕುದುರೆ ಸವಾರರೊಂದಿಗೆ ನೆರವಿಗೆ ಬನ್ನಿ ಎಂದು ಕರೆದ ಗುರುಗಳು ಅದರಲ್ಲಿ ಅವರ ಮನೆಯನ್ನು ತಮ್ಮದೇ ಮನೆ ಎಂದು ಕರೆದಿದ್ದರು. ಕೋಟೆ, ಫಿರಂಗಿ, ಬಿರುದು ಇವೆಲ್ಲ ಬರುವುದಕ್ಕೆ ಮೊದಲೇ ಬಂದ ಆ ಮಾತು ಮುಂದಿನ ದೊರೆಗಳಿಗೆ ಸಿಂಹಾಸನದ ಹಕ್ಕುಪತ್ರವಿದ್ದಂತೆ ಆಯಿತು.

ಅಬ್ದಾಲಿಯ ಮುಂದೆ ಆಲಾ ಸಿಂಗ್

ಪಟಿಯಾಲಾವನ್ನು ಕಟ್ಟಿದವನು ರಾಮನ ಮಗ ಆಲಾ ಸಿಂಗ್. ಊರಿನ ನಡುವೆ ಇಂದಿಗೂ ನಿಂತಿರುವ ಕಿಲಾ ಮುಬಾರಕ್ ಕೋಟೆ 1763ರಲ್ಲಿ ಅವನು ಶುರುಮಾಡಿದ್ದು. ಅದಕ್ಕೆ ಒಂದೇ ವರ್ಷ ಹಿಂದೆ, 1762ರ ಫೆಬ್ರುವರಿಯಲ್ಲಿ, ಮಾಲೇರ್‌ಕೋಟ್ಲಾ ಬಳಿಯ ಕುಪ್ ಎಂಬಲ್ಲಿ ಅಬ್ದಾಲಿಯ ಸೇನೆ ಸಾವಿರಾರು ಸಿಖ್ಖರನ್ನು ಹೆಂಗಸರು ಮಕ್ಕಳೆನ್ನದೆ ಕೊಂದಿತ್ತು. ಸಿಖ್ಖರು ಇದನ್ನು ವಡ್ಡಾ ಘಲ್ಲೂಘಾರಾ, ಮಹಾ ಮಾರಣಹೋಮ ಎಂದು ನೆನೆಯುತ್ತಾರೆ. ಆ ದಂಡಯಾತ್ರೆಯಲ್ಲೇ ಆಲಾ ಸಿಂಗ್ ಸೆರೆಯಾದ. ಭಾರೀ ಮೊತ್ತ ತೆತ್ತು ಬಿಡಿಸಿಕೊಳ್ಳಬೇಕಾಯಿತು.

ಮೂರು ವರ್ಷ ಕಳೆದು, 1765ರಲ್ಲಿ, ಅದೇ ಅಬ್ದಾಲಿ ಅವನಿಗೆ ರಾಜ ಎಂಬ ಬಿರುದು, ನಗಾರಿ ಮತ್ತು ಧ್ವಜ ಕೊಟ್ಟ. ವರ್ಷಕ್ಕೆ ಮೂರೂವರೆ ಲಕ್ಷ ರೂಪಾಯಿ ಕಪ್ಪ ಕೊಡುವ ಷರತ್ತಿನ ಮೇಲೆ ಸರ್‌ಹಿಂದ್ ಪ್ರಾಂತವನ್ನು ವಹಿಸಿದ. ದಳ ಖಾಲ್ಸಾದ ಸರ್ದಾರರು ಕೆರಳಿ ನಿಂತರು. ನಮ್ಮವರನ್ನು ಕೊಂದವನ ಕೈಯಿಂದ ಪಟ್ಟ ಪಡೆಯುವುದೇ? ಜಸ್ಸಾ ಸಿಂಗ್ ಆಹ್ಲೂವಾಲಿಯಾ ನಡುವೆ ಬಂದು ಸಮಾಧಾನ ಮಾಡದಿದ್ದರೆ ಪಟಿಯಾಲಾದ ಮೇಲೆ ಸಿಖ್ಖರೇ ಏರಿ ಹೋಗುತ್ತಿದ್ದರು.

ಆಲಾ ಸಿಂಗ್ ಅದೇ ವರ್ಷ ತೀರಿಕೊಂಡ. ಆದರೆ ಅವನು ಹಾಕಿಕೊಟ್ಟ ದಾರಿ ಉಳಿಯಿತು. ಬಲಿಷ್ಠನ ಎದುರು ಬಿದ್ದು ಸಾಯುವುದಕ್ಕಿಂತ ಅವನಿಂದ ಸನ್ನದು ಪಡೆದು ನೆಲ ಉಳಿಸಿಕೊಳ್ಳುವುದು ಮೇಲು ಎಂಬುದು ಆ ದಾರಿ. ಇದನ್ನು ಹೇಡಿತನ ಎಂದು ಒಂದೇ ಮಾತಿನಲ್ಲಿ ತಳ್ಳಿಹಾಕುವುದು ಸುಲಭ. ಆದರೆ ಪಟಿಯಾಲಾ ಇರುವುದು ದೆಹಲಿ ಮತ್ತು ಲಾಹೋರಿನ ನಡುವಿನ ಬಯಲಿನಲ್ಲಿ. ಒಂದು ಗುಡ್ಡ ಅಡ್ಡವಿಲ್ಲ, ಒಂದು ಕಾಡಿನ ಮರೆಯಿಲ್ಲ. ಯಾವ ದಂಡು ಎತ್ತ ಕಡೆಗೆ ಹೊರಟರೂ ಇವರ ಹೊಲ ತುಳಿದೇ ಹೋಗಬೇಕಿತ್ತು.

ಕಾದಾಡಿದವರೂ ಆ ಮನೆಯಲ್ಲಿದ್ದರು. ಆಲಾ ಸಿಂಗನ ವಂಶದ ದುರ್ಬಲ ದೊರೆ ಸಾಹಿಬ್ ಸಿಂಗನ ಕಾಲದಲ್ಲಿ ಅವನ ಅಕ್ಕ ಬೀಬಿ ಸಾಹಿಬ್ ಕೌರ್ ಆಡಳಿತದ ಹೊಣೆ ಹೊತ್ತಳು. 1794ರಲ್ಲಿ ಮರಾಠಾ ಪಡೆ ಏರಿ ಬಂದಾಗ ಅಂಬಾಲಾ ಬಳಿ ತಾನೇ ಸೈನ್ಯದ ಮುಂದೆ ನಿಂತು ಹೋರಾಡಿ ಅವರನ್ನು ಹಿಮ್ಮೆಟ್ಟಿಸಿದಳು.

ಸೋದರಮಾವ ದೆಹಲಿಗೆ ಹೋದ

1799ರ ಮೇ ತಿಂಗಳಲ್ಲಿ ಶ್ರೀರಂಗಪಟ್ಟಣ ಬಿತ್ತು. ಎರಡು ತಿಂಗಳ ಬಳಿಕ, ಜುಲೈನಲ್ಲಿ, ಹತ್ತೊಂಬತ್ತು ವರ್ಷವೂ ತುಂಬದ ರಣಜಿತ್ ಸಿಂಗ್ ಲಾಹೋರನ್ನು ವಶಪಡಿಸಿಕೊಂಡ. ದಕ್ಷಿಣದಲ್ಲಿ ಈಸ್ಟ್ ಇಂಡಿಯಾ ಕಂಪನಿಗೆ ಎದುರಾಳಿ ಇಲ್ಲವಾದ ವರ್ಷವೇ ಉತ್ತರದಲ್ಲಿ ಹೊಸ ಶಕ್ತಿಯೊಂದು ತಲೆಯೆತ್ತಿತು. ಸಟ್ಲೆಜ್ ನದಿಯ ಆಚೆಗಿದ್ದ ಮಿಸಲುಗಳನ್ನು ರಣಜಿತ್ ಒಂದೊಂದಾಗಿ ನುಂಗಿದ. ಕಪೂರ್ತಲಾದ ಫತೇ ಸಿಂಗ್ ಆಹ್ಲೂವಾಲಿಯಾ ಮಾತ್ರ ಅವನೊಂದಿಗೆ ಪಗಡಿ ಬದಲಿಸಿಕೊಂಡು ಗೆಳೆಯನಾಗಿ ಉಳಿದ. ಪಗಡಿ ಬದಲಿಸಿಕೊಂಡವರು ಒಡಹುಟ್ಟಿದವರಿಗೆ ಸಮ ಎಂಬುದು ಪಂಜಾಬಿನ ಕಟ್ಟಳೆ.

ಸಟ್ಲೆಜ್ ಮತ್ತು ಯಮುನೆಯ ನಡುವಿನ ಸಂಸ್ಥಾನಗಳ ಸರದಿ 1806ರಲ್ಲಿ ಬಂತು. ದೊಲಾದಿ ಎಂಬ ಹಳ್ಳಿಯ ಸಲುವಾಗಿ ಪಟಿಯಾಲಾಕ್ಕೂ ನಾಭಾಕ್ಕೂ ಜಗಳ ಹತ್ತಿತ್ತು. ಪಂಚಾಯ್ತಿ ಮಾಡು ಎಂದು ರಣಜಿತನನ್ನು ಕರೆದರು. ಅವನು ದೊಡ್ಡ ಸೈನ್ಯದೊಂದಿಗೆ ಬಂದ, ತೀರ್ಪು ಕೊಟ್ಟ, ಕಾಣಿಕೆ ಎತ್ತಿಕೊಂಡ, ದಾರಿಯಲ್ಲಿ ಸಿಕ್ಕ ಊರುಗಳನ್ನು ತನ್ನವರಿಗೆ ಹಂಚಿದ. ಮರುವರ್ಷ ಪಟಿಯಾಲಾದ ರಾಜನಿಗೂ ರಾಣಿ ಆಸ್ ಕೌರ್‌ಗೂ ನಡೆದ ವಿರಸವನ್ನು ಬಿಡಿಸಲು ಮತ್ತೆ ಬಂದ. ಆ ಸಲ ಅವನ ಕೈ ಸೇರಿದವು ವಜ್ರದ ಹಾರ ಮತ್ತು ಒಂದು ಹಿತ್ತಾಳೆಯ ಫಿರಂಗಿ. ಫರೀದ್‌ಕೋಟೂ ಅವನ ಸೇನಾಪತಿಯ ವಶವಾಯಿತು. ಮೂರನೇ ಸಲ ಬಂದರೆ ಏನು ಉಳಿದೀತು ಎಂಬ ಅಂಜಿಕೆ ಎಲ್ಲ ಅರಮನೆಗಳನ್ನೂ ಹೊಕ್ಕಿತು.

ಆಗ ಸರ್ದಾರರು ಕೂಡಿ ಯೋಚಿಸಿದರು. ರಣಜಿತನ ಕೈಗೆ ಸಿಕ್ಕರೆ ಸಾವು ತಕ್ಷಣ, ಇಂಗ್ಲಿಷರ ಕೈಗೆ ಸಿಕ್ಕರೆ ಕ್ಷಯರೋಗದಂತೆ ನಿಧಾನ ಎಂದು ಅವರು ಮಾತಾಡಿಕೊಂಡರೆಂಬ ಕಥೆ ಪಂಜಾಬಿನ ಇತಿಹಾಸ ಬರೆದವರ ಬಾಯಲ್ಲಿ ಉಳಿದಿದೆ. ಅವರು ನಿಧಾನದ್ದನ್ನು ಆರಿಸಿಕೊಂಡರು. 1808ರ ಮಾರ್ಚಿನಲ್ಲಿ ಒಂದು ನಿಯೋಗ ದೆಹಲಿಗೆ ಹೋಗಿ ಬ್ರಿಟಿಷ್ ರೆಸಿಡೆಂಟ್ ಸೆಟನ್ನನನ್ನು ಕಂಡಿತು. ಪಟಿಯಾಲಾ ಮತ್ತು ನಾಭಾದ ಪ್ರತಿನಿಧಿಗಳು ಅದರಲ್ಲಿದ್ದರು, ಕೈಥಲ್‌ನ ಭಾಯಿ ಲಾಲ್ ಸಿಂಗ್ ಇದ್ದ, ಜೀಂದ್‌ನ ರಾಜಾ ಭಾಗ್ ಸಿಂಗ್ ಇದ್ದ. ಈ ಭಾಗ್ ಸಿಂಗ್ ಯಾರೆಂದರೆ ರಣಜಿತನ ತಾಯಿ ರಾಜ್ ಕೌರ್‌ಳ ಒಡಹುಟ್ಟಿದವನು. ಸ್ವಂತ ಸೋದರಮಾವನೇ ಅಳಿಯನಿಂದ ಕಾಪಾಡಿ ಎಂದು ಪರದೇಶದವರ ಬಾಗಿಲು ತಟ್ಟಿದ.

ಕಂಪನಿ ಕೂಡಲೇ ಒಪ್ಪಲಿಲ್ಲ. ನೆಪೋಲಿಯನ್ ರಷ್ಯಾದೊಂದಿಗೆ ರಾಜಿಯಾಗಿದ್ದ ಕಾಲ ಅದು. ಫ್ರೆಂಚರು ಪರ್ಷಿಯಾದ ಮೂಲಕ ಭಾರತಕ್ಕೆ ಬಂದಾರು, ಆಗ ಲಾಹೋರಿನ ದೊರೆ ಬೇಕಾಗುತ್ತಾನೆ ಎಂದು ಕಲ್ಕತ್ತೆಯಲ್ಲಿ ಲೆಕ್ಕ ಹಾಕುತ್ತಿದ್ದರು. ಆದ್ದರಿಂದ ಸರ್ದಾರರಿಗೆ ಸಮಾಧಾನದ ಮಾತು ಹೇಳಿ ಕಳುಹಿಸಿ, ಇತ್ತ ತರುಣ ಅಧಿಕಾರಿ ಚಾರ್ಲ್ಸ್ ಮೆಟ್‌ಕಾಫ್‌ನನ್ನು ರಣಜಿತನ ಬಳಿಗೆ ಸ್ನೇಹ ಬೆಳೆಸಲು ಅಟ್ಟಿದರು. ರಣಜಿತ್ ಅವನನ್ನು ಜೊತೆಯಲ್ಲಿಟ್ಟುಕೊಂಡೇ ಮೂರನೇ ಬಾರಿ ಸಟ್ಲೆಜ್ ದಾಟಿದ. ಅಂಬಾಲಾ ಹಿಡಿದ. ಪಟಿಯಾಲಾದ ಸಾಹಿಬ್ ಸಿಂಗನನ್ನು ಕರೆಸಿ ಪಗಡಿ ಬದಲಿಸಿಕೊಂಡ. ಆ ಪಗಡಿಯನ್ನು ತಲೆಗೆ ಸುತ್ತಿಕೊಳ್ಳುವಾಗ ಸಾಹಿಬ್ ಸಿಂಗನ ಮನಸ್ಸು ದೆಹಲಿಯ ಕಡೆಗೇ ಇದ್ದಿರಬೇಕು.

ಅಷ್ಟರಲ್ಲಿ ಸ್ಪೇನಿನಲ್ಲಿ ನೆಪೋಲಿಯನ್ ವಿರುದ್ಧ ದಂಗೆ ಎದ್ದು ಫ್ರೆಂಚರ ಭಯ ಕರಗಿತು. ಕಂಪನಿಯ ದನಿ ಬದಲಾಯಿತು. 1809ರ ಫೆಬ್ರುವರಿ ಹೊತ್ತಿಗೆ ಅದರ ಸೇನೆ ಲುಧಿಯಾನಾದಲ್ಲಿತ್ತು. ಏಪ್ರಿಲ್ 25ರಂದು ಅಮೃತಸರದ ಒಪ್ಪಂದಕ್ಕೆ ಸಹಿ ಬಿತ್ತು. ಸಟ್ಲೆಜ್ ಆಚೆ ರಣಜಿತ್ ಏನು ಮಾಡಿದರೂ ಕಂಪನಿ ಕೇಳುವುದಿಲ್ಲ, ಈಚೆಯ ಸರ್ದಾರರ ತಂಟೆಗೆ ಅವನು ಬರುವಂತಿಲ್ಲ. ಮೇ 3ರ ಘೋಷಣೆ ಈಚೆಯವರಿಗೆ ರಕ್ಷಣೆಯ ಅಭಯ ಕೊಟ್ಟಿತು.

ಕಪ್ಪವಿಲ್ಲದ ರಕ್ಷಣೆ

ಆ ಘೋಷಣೆಯಲ್ಲಿ ಕನ್ನಡಿಗರು ಗಮನಿಸಬೇಕಾದ ಅಂಶವೊಂದಿದೆ. 1799ರಲ್ಲಿ ಮೈಸೂರಿನ ಒಡೆಯರಿಗೆ ರಾಜ್ಯ ಮರಳಿಸುವಾಗ ಕಂಪನಿ ವರ್ಷಕ್ಕೆ ಏಳು ಲಕ್ಷ ಪಗೋಡಾ ಪೊಗದಿ ಕಟ್ಟಿಸಿತ್ತು. ಸಟ್ಲೆಜ್ ಈಚೆಯ ಸಿಖ್ ದೊರೆಗಳಿಂದ ಒಂದು ಕಾಸನ್ನೂ ಕೇಳಲಿಲ್ಲ. ತನ್ನ ಸೈನ್ಯ ಆ ದಾರಿಯಲ್ಲಿ ಸಾಗುವಾಗ ದವಸ ಒದಗಿಸಬೇಕು, ಶತ್ರು ಬಂದರೆ ಪಡೆಯೊಂದಿಗೆ ಕೂಡಿಕೊಳ್ಳಬೇಕು, ಅಷ್ಟೇ. ಕಂಪನಿಗೆ ಬೇಕಿದ್ದುದು ಹಣವಲ್ಲ. ಲಾಹೋರಿಗೂ ದೆಹಲಿಗೂ ನಡುವೆ ತನ್ನ ಮಾತು ಕೇಳುವ ಒಂದು ಬಯಲು ಅದಕ್ಕೆ ಬೇಕಿತ್ತು.

ಎರಡೇ ವರ್ಷದಲ್ಲಿ, 1811ರಲ್ಲಿ, ಇನ್ನೊಂದು ಘೋಷಣೆ ಬಂತು. ಸರ್ದಾರರು ತಮ್ಮತಮ್ಮಲ್ಲಿ ನೆಲ ಕಿತ್ತುಕೊಳ್ಳುವಂತಿಲ್ಲ, ವ್ಯಾಜ್ಯವಿದ್ದರೆ ಕಂಪನಿಯ ಅಧಿಕಾರಿಯ ಮುಂದೆ ತರಬೇಕು. ಹೊರಗಿನವನಿಂದ ಕಾಯುತ್ತೇನೆ ಎಂದವನು ಈಗ ಮನೆಯೊಳಗಿನ ನ್ಯಾಯವನ್ನೂ ಹೇಳತೊಡಗಿದ. ಅಕಾಲ ತಖ್ತಿನ ಮುಂದೆ ಕೂಡಿ ತೀರ್ಮಾನಿಸುವ ಪದ್ಧತಿಯನ್ನು ಲಾಹೋರಿನಲ್ಲಿ ರಣಜಿತ್ ಕೈಬಿಟ್ಟಿದ್ದ. ಈಚೆ ದಂಡೆಯಲ್ಲಿ ಆ ಜಾಗಕ್ಕೆ ಬ್ರಿಟಿಷ್ ಏಜೆಂಟನ ಕಚೇರಿ ಬಂತು.

ನಿಜವಾದ ಬೆಲೆ ಗೊತ್ತಾದದ್ದು ಕೈಥಲ್‌ನಲ್ಲಿ. 1808ರ ನಿಯೋಗದಲ್ಲಿ ಹೋಗಿದ್ದ ಭಾಯಿ ಲಾಲ್ ಸಿಂಗನ ಮಗ ಉದಯ ಸಿಂಗ್ 1843ರಲ್ಲಿ ಮಕ್ಕಳಿಲ್ಲದೆ ತೀರಿಕೊಂಡ. ವಾರಸುದಾರರಿಲ್ಲ ಎಂದು ಕಂಪನಿ ಸಂಸ್ಥಾನವನ್ನು ತನ್ನದೆಂದಿತು. ಅರಮನೆಯ ಹೆಂಗಸರು ಮತ್ತು ಸೈನಿಕರು ಕೋಟೆ ಬಿಡಲು ಒಪ್ಪದೆ ಹೋರಾಡಿದರು. ಸೋತರು. ಕಿತ್ತೂರಿನಲ್ಲಿ 1824ರಲ್ಲಿ ರಾಣಿ ಚೆನ್ನಮ್ಮ ಎದುರಿಸಿದ್ದು ಇದೇ ನೆವವನ್ನು. ಒಂದೇ ಸರ್ಕಾರದ ಒಂದೇ ನೀತಿ, ಸುಮಾರು ಸಾವಿರ ಮೈಲಿ ದೂರದ ಎರಡು ಕೋಟೆಗಳ ಹೆಣ್ಣುಮಕ್ಕಳನ್ನು ಕತ್ತಿ ಹಿಡಿಯುವಂತೆ ಮಾಡಿತು.

1845-46ರ ಮೊದಲ ಆಂಗ್ಲೋ-ಸಿಖ್ ಯುದ್ಧದಲ್ಲಿ ಲಾಹೋರಿನ ಖಾಲ್ಸಾ ಸೇನೆ ಸಟ್ಲೆಜ್ ದಾಟಿದಾಗ ಈ ದೊರೆಗಳ ಎದೆ ಇಬ್ಭಾಗವಾಯಿತು. ಪಟಿಯಾಲಾ, ಜೀಂದ್, ಫರೀದ್‌ಕೋಟ್ ಕಂಪನಿಯ ಪಕ್ಕ ನಿಂತವು. ಲಾಡ್ವಾದ ಅಜಿತ್ ಸಿಂಗ್ ಲಾಹೋರನ್ನು ಸೇರಿ ರಾಜ್ಯ ಕಳೆದುಕೊಂಡ. ನಾಭಾದ ದೇವೀಂದರ್ ಸಿಂಗ್ ಬೇಕೆಂದೇ ನೆರವು ತಡಮಾಡಿದನೆಂದು ಅವನನ್ನು ಪಟ್ಟದಿಂದ ಇಳಿಸಿ, ನಾಭಾದ ನಾಲ್ಕನೇ ಒಂದು ಭಾಗವನ್ನು ಮುಟ್ಟುಗೋಲು ಹಾಕಿಕೊಂಡರು. ಏಳು ವರ್ಷದ ಮಗನನ್ನು ಗದ್ದುಗೆಗೆ ಕೂರಿಸಿದರು. ಕಪೂರ್ತಲಾದ ಪಡೆ ಅಲಿವಾಲ್‌ನಲ್ಲಿ ಬ್ರಿಟಿಷರ ವಿರುದ್ಧ ಕಾದಿತ್ತು. ಅದರ ಸಟ್ಲೆಜ್ ಈಚೆಯ ನೆಲವೆಲ್ಲ ಹೋಯಿತು.

1857 ಎಂಬ ತಿರುವು

ದೆಹಲಿಯಲ್ಲಿ ಸಿಪಾಯಿಗಳು ಬಹದ್ದೂರ್ ಶಾ ಜಫರನನ್ನು ಬಾದಶಹ ಎಂದು ಸಾರಿದಾಗ ಬ್ರಿಟಿಷರ ಜೀವ ಒಂದು ರಸ್ತೆಗೆ ಜೋತುಬಿದ್ದಿತ್ತು. ಅಂಬಾಲಾದಿಂದ ಕರ್ನಾಲ್ ಮೂಲಕ ದೆಹಲಿಗೆ ಹೋಗುವ ಗ್ರ್ಯಾಂಡ್ ಟ್ರಂಕ್ ರಸ್ತೆ ಅದು. ಪಟಿಯಾಲಾದ ನರೀಂದರ್ ಸಿಂಗ್ ತನ್ನ ಪಡೆ ಕಳುಹಿಸಿ ಆ ರಸ್ತೆಯನ್ನು ಕಾದ. ಜೀಂದ್‌ನ ಸರೂಪ್ ಸಿಂಗ್ ಖುದ್ದು ಸೈನ್ಯದೊಂದಿಗೆ ದೆಹಲಿಗೆ ನಡೆದ. ನಾಭಾ, ಕಪೂರ್ತಲಾಗಳೂ ಹಿಂದೆ ಬೀಳಲಿಲ್ಲ. ಇವರು ಎದುರು ನಿಂತಿದ್ದರೆ ದೆಹಲಿಯನ್ನು ಮರಳಿ ಪಡೆಯುವುದು ಬ್ರಿಟಿಷರಿಗೆ ತೀರಾ ಕಷ್ಟವಾಗುತ್ತಿತ್ತು.

ಏಕೆ ಹೀಗೆ ಮಾಡಿದರು? ಮೊಘಲ್ ಸಿಂಹಾಸನ ಮತ್ತೆ ಏಳುವುದೆಂದರೆ ಸಿಖ್ಖರಿಗೆ ಗುರುಗಳ ಬಲಿದಾನದ ನೆನಪು. ಎಂಟು ವರ್ಷದ ಹಿಂದೆ ಪಂಜಾಬನ್ನು ಗೆದ್ದ ಕಂಪನಿ ಸೇನೆಯಲ್ಲಿದ್ದವರು ಇದೇ ಪೂರ್ವದ ಸಿಪಾಯಿಗಳು, ಆ ಗಾಯ ಹಸಿಯಾಗಿತ್ತು. ಇವೆಲ್ಲಕ್ಕಿಂತ ಮಿಗಿಲಾಗಿ, ನಾಭಾ ಮತ್ತು ಲಾಡ್ವಾಕ್ಕೆ ಆದ ಗತಿ ಕಣ್ಣ ಮುಂದಿತ್ತು. ದೇಶ ಎಂಬ ಕಲ್ಪನೆ ಇನ್ನೂ ಮೂಡದಿದ್ದ ಕಾಲದ ಆಯ್ಕೆಯನ್ನು ಇಂದಿನ ಅಳತೆಗೋಲಿನಿಂದ ಅಳೆಯುವುದು ನ್ಯಾಯವಲ್ಲ ಎಂದೇ ನನ್ನ ಭಾವನೆ. ಆದರೆ ಆ ನಿಷ್ಠೆಯ ಫಲ ಅವಧ್ ಮತ್ತು ದೆಹಲಿ ಸುತ್ತಣ ಜನರ ರಕ್ತದಲ್ಲಿ ನೆನೆದಿತ್ತು ಎಂಬುದನ್ನೂ ಮರೆಯಲಾಗದು.

ಬಹುಮಾನ ಧಾರಾಳವಾಗಿ ಬಂತು. ಝಜ್ಜರ್‌ನ ನವಾಬನನ್ನು ಗಲ್ಲಿಗೇರಿಸಿ ಅವನ ನಾರ್ನೌಲ್ ಸೀಮೆಯನ್ನು ಪಟಿಯಾಲಾಕ್ಕೆ ಕೊಟ್ಟರು. ದಾದ್ರಿ ಜೀಂದ್‌ಗೆ, ಬಾವಲ್ ಮತ್ತು ಕಾಂಟಿ ನಾಭಾಕ್ಕೆ ಹೋದವು. ಅವಧ್‌ನ ಬಂಡಾಯಗಾರರಿಂದ ಕಿತ್ತ ಜಮೀನುಗಳು ಕಪೂರ್ತಲಾಕ್ಕೆ ಸಿಕ್ಕವು. ಇವೆಲ್ಲಕ್ಕಿಂತ ದೊರೆಗಳು ಬೆಲೆಯುಳ್ಳದ್ದೆಂದು ಭಾವಿಸಿದ್ದು 1860ರ ಸನ್ನದುಗಳನ್ನು. ದತ್ತು ತೆಗೆದುಕೊಳ್ಳುವ ಹಕ್ಕು ಬರಹದಲ್ಲಿ ಬಂತು. ಫೂಲ್ಕಿಯಾ ಮನೆಯೊಂದರಲ್ಲಿ ದೊರೆ ಸಂತಾನವಿಲ್ಲದೆ, ದತ್ತು ತೆಗೆದುಕೊಳ್ಳದೆ ಸತ್ತರೆ ಉಳಿದಿಬ್ಬರು ದೊರೆಗಳು ಬ್ರಿಟಿಷ್ ಅಧಿಕಾರಿಯೊಂದಿಗೆ ಕೂಡಿ ಅದೇ ವಂಶದ ಒಬ್ಬನನ್ನು ಆರಿಸಬಹುದು. 1871ರಲ್ಲಿ ನಾಭಾಕ್ಕೆ ಹಾಗೆಯೇ ಜೀಂದ್ ಕವಲಿನ ಹೀರಾ ಸಿಂಗ್ ದೊರೆಯಾಗಿ ಬಂದ. ಕೈಥಲ್‌ಗೆ ಬಂದ ಗತಿ ಇನ್ನಾರಿಗೂ ಬರಲಿಲ್ಲ.

ತೋಪುಗಳ ಕಾಲ

ಆಮೇಲಿನ ಅರ್ಧ ಶತಮಾನ ಕುಶಾಲತೋಪುಗಳ ಎಣಿಕೆಯಲ್ಲಿ ಕಳೆಯಿತು. ಪಟಿಯಾಲಾಕ್ಕೆ 17, ಫರೀದ್‌ಕೋಟ್‌ಗೆ 11. ಕಪೂರ್ತಲಾದ ಜಗತ್‌ಜಿತ್ ಸಿಂಗ್ ಫ್ರಾನ್ಸಿನ ಮೇಲಿನ ಮೋಹದಿಂದ ವರ್ಸೇಲ್ಸ್ ಮಾದರಿಯ ಅರಮನೆ ಕಟ್ಟಿಸಿದ. ತನ್ನ ಮುಸ್ಲಿಂ ಪ್ರಜೆಗಳಿಗಾಗಿ ಮೊರಾಕೊ ಶೈಲಿಯ ಮಸೀದಿಯನ್ನೂ ಕಟ್ಟಿಸಿದ. ಪಟಿಯಾಲಾದ ಭೂಪೀಂದರ್ ಸಿಂಗ್ 1911ರಲ್ಲಿ ಇಂಗ್ಲೆಂಡಿಗೆ ಹೋದ ಭಾರತೀಯ ಕ್ರಿಕೆಟ್ ತಂಡದ ನಾಯಕ. ಕರ್ನಾಟಕದ ಹುಡುಗರು 1974ರಲ್ಲಿ ಮೊದಲ ಬಾರಿ ಎತ್ತಿ ಹಿಡಿದ ರಣಜಿ ಟ್ರೋಫಿ ಆ ಮಹಾರಾಜ ಕೊಟ್ಟ ಕಾಣಿಕೆ. ಮೊದಲ ಮಹಾಯುದ್ಧದಲ್ಲಿ ಸುಯೆಜ್ ಕಾಲುವೆ ಕಾಯಲು ಹೋದ ಸಂಸ್ಥಾನಗಳ ಕುದುರೆ ಪಡೆಯಲ್ಲಿ ಮೈಸೂರು ಲ್ಯಾನ್ಸರ್ಸ್ ಮತ್ತು ಪಟಿಯಾಲಾ ಲ್ಯಾನ್ಸರ್ಸ್ ಜೊತೆಯಲ್ಲಿದ್ದರು. 1926ರಿಂದ ಐದು ವರ್ಷ ಭೂಪೀಂದರ್ ಸಿಂಗ್ ದೇಶದ ರಾಜರುಗಳ ಸಭೆಯಾದ ನರೇಂದ್ರ ಮಂಡಲದ ಮುಖ್ಯಸ್ಥನಾಗಿದ್ದ.

ನಾಭಾದ ರಿಪುದಮನ್

ಎಲ್ಲರೂ ಬಾಗಿದ ಕಾಲದಲ್ಲಿ ಬಾಗಲೊಲ್ಲೆ ಎಂದವನು ನಾಭಾದ ರಿಪುದಮನ್ ಸಿಂಗ್. ಯುವರಾಜನಾಗಿದ್ದಾಗಲೇ ವೈಸರಾಯ್ ಶಾಸನಸಭೆಯಲ್ಲಿ ಕೂತು ಸಿಖ್ಖರ ಮದುವೆ ಪದ್ಧತಿಗೆ ಮಾನ್ಯತೆ ಕೊಡುವ ಆನಂದ್ ವಿವಾಹ ಮಸೂದೆಗೆ ದುಡಿದಿದ್ದ. 1909ರಲ್ಲಿ ಅದು ಕಾಯ್ದೆಯಾಯಿತು. 1911ರಲ್ಲಿ ತಂದೆ ತೀರಿಕೊಂಡಾಗ ಬ್ರಿಟಿಷ್ ಅಧಿಕಾರಿಯ ಕೈಯಿಂದ ಪಟ್ಟ ಕಟ್ಟಿಸಿಕೊಳ್ಳಲು ಒಪ್ಪಲಿಲ್ಲ. ಗುರುದ್ವಾರಗಳನ್ನು ಮಹಂತರ ಕೈಯಿಂದ ಬಿಡಿಸಲು ಹೋರಾಡುತ್ತಿದ್ದ ಅಕಾಲಿಗಳ ಕಡೆಗೆ ಅವನ ಒಲವಿದ್ದುದು ಗುಟ್ಟಾಗಿರಲಿಲ್ಲ.

ಅವನನ್ನು ಉರುಳಿಸಲು ಹಳೆಯ ದಾಯಾದಿ ಜಗಳವೇ ಸಾಧನವಾಯಿತು. ಪಟಿಯಾಲಾ ತನ್ನ ಪ್ರಜೆಗಳನ್ನು ನಾಭಾ ಪೀಡಿಸುತ್ತಿದೆ ಎಂದು ದೂರಿತು. ಸರ್ಕಾರ ನ್ಯಾಯಾಧೀಶ ಸ್ಟುವರ್ಟ್‌ನಿಂದ ವಿಚಾರಣೆ ನಡೆಸಿತು. 1923ರ ಜುಲೈನಲ್ಲಿ ರಿಪುದಮನ್ ಗದ್ದುಗೆ ಬಿಟ್ಟ. ಸಂಸ್ಥಾನದ ಆಡಳಿತ ಒಬ್ಬ ಇಂಗ್ಲಿಷ್ ಅಧಿಕಾರಿಯ ಕೈಸೇರಿತು.

ಅವನನ್ನು ಇಳಿಸಿದ್ದನ್ನು ಪ್ರತಿಭಟಿಸಿ ಅಕಾಲಿಗಳು ನಾಭಾ ಸೀಮೆಯ ಜೈತೋ ಊರಿನ ಗಂಗ್ಸರ್ ಗುರುದ್ವಾರದಲ್ಲಿ ಪ್ರಾರ್ಥನೆಗೆ ಕೂತರು. ಸೆಪ್ಟೆಂಬರಿನಲ್ಲಿ ಪೊಲೀಸರು ಒಳನುಗ್ಗಿ ಅಖಂಡ ಪಾಠ ನಿಲ್ಲಿಸಿದರು. ಎಡೆಬಿಡದೆ ಓದಬೇಕಾದ ಗ್ರಂಥಪಠಣ ಮುರಿದುಬಿದ್ದದ್ದು ಸಿಖ್ಖರ ಮನಸ್ಸನ್ನು ಎಷ್ಟು ನೋಯಿಸಿತೆಂದರೆ ಅಮೃತಸರದಿಂದ ದಿನವೂ ಜತ್ಥಾಗಳು, ಅಂದರೆ ಸ್ವಯಂಸೇವಕರ ತಂಡಗಳು, ಕಾಲ್ನಡಿಗೆಯಲ್ಲಿ ಹೊರಟವು.

ನೋಡಿ ಬರೋಣವೆಂದು ಹೋದ ಜವಾಹರಲಾಲ್ ನೆಹರು, ಎ.ಟಿ. ಗಿದ್ವಾನಿ, ಕೆ. ಸಂತಾನಂ ಮೂವರನ್ನೂ ಬಂಧಿಸಿದರು. ನೆಹರೂ ಮತ್ತು ಸಂತಾನಂ ಅವರ ಕೈಗಳಿಗೆ ಒಂದೇ ಬೇಡಿ ತೊಡಿಸಿ ಜೈತೋ ಬೀದಿಯಲ್ಲಿ ನಡೆಸಿಕೊಂಡು ಹೋಗಿ ರೈಲು ಹತ್ತಿಸಿದರು. ನಾಭಾ ಜೈಲಿನ ಕೋಣೆ ಕಿರಿದು, ತೇವ, ಚಾವಣಿ ಕೈಗೆಟುಕುವಷ್ಟು ತಗ್ಗು. ರಾತ್ರಿ ನೆಲದ ಮೇಲೆ ಮಲಗಿದವರ ಮುಖದ ಮೇಲೆ ಇಲಿ ಹರಿದಾಡಿದ್ದನ್ನು ನೆಹರೂ ತಮ್ಮ ಆತ್ಮಕಥೆಯಲ್ಲಿ ಬರೆದಿದ್ದಾರೆ. ಶಿಕ್ಷೆ ವಿಧಿಸಿ, ಅದನ್ನು ಅಮಾನತಿನಲ್ಲಿಟ್ಟು, ಗಡಿ ದಾಟಿಸಿದರು. ಹಿಂದಿರುಗಿದ ಮೂವರಿಗೂ ಟೈಫಾಯಿಡ್ ಹಿಡಿಯಿತು. ಸಂಸ್ಥಾನಗಳ ಒಳಗೆ ಕಾನೂನು ಹೇಗಿರುತ್ತದೆ ಎಂಬುದನ್ನು ನೆಹರೂ ಮೈಯಾರೆ ಉಂಡದ್ದು ಇಲ್ಲಿ.

1924ರ ಫೆಬ್ರುವರಿ 21ರಂದು ಐದು ನೂರು ಮಂದಿಯ ಶಹೀದಿ ಜತ್ಥಾ ಜೈತೋ ತಲುಪಿದಾಗ ಅದರ ಮೇಲೆ ಗುಂಡು ಹಾರಿತು. ಆದರೂ ಜತ್ಥಾಗಳು ನಿಲ್ಲಲಿಲ್ಲ. 1925ರಲ್ಲಿ ಗುರುದ್ವಾರ ಕಾಯ್ದೆ ಬಂದು, ಮುರಿದ ಪಾಠಕ್ಕೆ ಬದಲಾಗಿ ನೂರೊಂದು ಅಖಂಡ ಪಾಠಗಳು ಜೈತೋದಲ್ಲಿ ಪೂರ್ಣಗೊಂಡವು. ರಿಪುದಮನ್‌ಗೆ ಮಾತ್ರ ರಾಜ್ಯ ಮರಳಲಿಲ್ಲ. 1928ರಲ್ಲಿ ಅವನ ಬಿರುದುಗಳನ್ನೂ ಕಿತ್ತುಕೊಂಡು ದೂರದ ಕೊಡೈಕೆನಾಲಿಗೆ ಗಡೀಪಾರು ಮಾಡಿದರು. 1942ರಲ್ಲಿ ಅಲ್ಲಿಯೇ ತೀರಿಕೊಂಡ.

ಪ್ರಜೆಗಳ ಮಾತು

ಇಷ್ಟು ಹೊತ್ತು ದೊರೆಗಳ ಕಥೆ ಹೇಳಿದ್ದಾಯಿತು. ಅವರು ಮಾಡಿಕೊಂಡ ಒಪ್ಪಂದಗಳ ಭಾರ ಹೊತ್ತವರು ಹೊಲ ಉಳುವವರು. ಬ್ರಿಟಿಷ್ ರಕ್ಷಣೆ ಇರುವವರೆಗೆ ದೊರೆಗೆ ಹೊರಗಿನ ಶತ್ರುವಿನ ಭಯವಿಲ್ಲ, ಒಳಗಿನ ದಂಗೆಯ ಭಯವೂ ಇಲ್ಲ. ಪ್ರಜೆಯ ಒಲವು ಗಳಿಸುವ ಅಗತ್ಯವೇ ಬೀಳಲಿಲ್ಲ. 1928ರಲ್ಲಿ ಪಂಜಾಬ್ ರಿಯಾಸತಿ ಪ್ರಜಾ ಮಂಡಲ ಹುಟ್ಟಿತು. ಅದರ ಮುಂದಾಳು ಸೇವಾ ಸಿಂಗ್ ಠೀಕ್ರಿವಾಲಾ ಪಟಿಯಾಲಾ ಜೈಲಿನಲ್ಲಿ ಉಪವಾಸ ಕೂತು 1935ರ ಜನವರಿಯಲ್ಲಿ ಪ್ರಾಣಬಿಟ್ಟ. ಫರೀದ್‌ಕೋಟ್ ಸಂಸ್ಥಾನದ ಸಂಧ್ವಾನ್ ಹಳ್ಳಿಯ ಬಡಗಿ ಮನೆತನದ ಹುಡುಗನೊಬ್ಬ ಕಾಂಗ್ರೆಸ್ ಶಾಖೆ ತೆರೆದ ತಪ್ಪಿಗೆ ಐದು ವರ್ಷ ಸೆರೆ ಅನುಭವಿಸಿದ. ಜೈಲ್ ಸಿಂಗ್ ಎಂಬ ಆ ಹುಡುಗ 1982ರಲ್ಲಿ ಭಾರತದ ರಾಷ್ಟ್ರಪತಿಯಾದರು.

ವಿಭಜನೆ ಮತ್ತು ವಿಲೀನ

1947ರ ಏಪ್ರಿಲ್‌ನಲ್ಲಿ, ಇನ್ನೂ ಅನೇಕ ರಾಜರು ಹೊಯ್ದಾಡುತ್ತಿದ್ದಾಗ, ಪಟಿಯಾಲಾದ ಯಾದವೀಂದ್ರ ಸಿಂಗ್ ಬರೋಡಾ, ಬಿಕಾನೇರ್ ಮೊದಲಾದವರ ಜೊತೆ ಸಂವಿಧಾನ ಸಭೆಗೆ ಪ್ರತಿನಿಧಿಗಳನ್ನು ಕಳುಹಿಸಿದ. ಸಿಖ್ಖರನ್ನು ಪಾಕಿಸ್ತಾನದತ್ತ ಸೆಳೆಯಲು ಜಿನ್ನಾ ನಡೆಸಿದ ಮಾತುಕತೆಗೆ ಅವನು ಮಣಿಯಲಿಲ್ಲ. ಎರಡು ಶತಮಾನ ಬಲಾಬಲ ನೋಡಿ ಹೆಜ್ಜೆಯಿಟ್ಟ ಮನೆತನ ಕೊನೆಗೆ ಇಟ್ಟ ಹೆಜ್ಜೆ ಭಾರತದ ಕಡೆಗೆ. ಅದಕ್ಕಾಗಿ ಆ ಮನೆತನಕ್ಕೆ ಸಲ್ಲಬೇಕಾದ ಗೌರವ ಸಲ್ಲಲೇಬೇಕು.

ಅದೇ ವರ್ಷ, ವಿಭಜನೆಯ ತಿಂಗಳುಗಳಲ್ಲಿ, ಈ ಸಂಸ್ಥಾನಗಳಲ್ಲಿ ಮುಸ್ಲಿಮರ ಮೇಲೆ ಘೋರ ಹಿಂಸೆ ನಡೆಯಿತು. ಕಪೂರ್ತಲಾದ ಜನಸಂಖ್ಯೆಯಲ್ಲಿ 1941ರ ಗಣತಿಯಂತೆ ಅರ್ಧಕ್ಕಿಂತ ಹೆಚ್ಚು ಮುಸ್ಲಿಮರಿದ್ದರು. ಕೆಲವೇ ತಿಂಗಳಲ್ಲಿ ಹೆಚ್ಚುಕಡಿಮೆ ಎಲ್ಲರೂ ಸತ್ತರು ಅಥವಾ ಊರು ಬಿಟ್ಟರು. ಮೊರಾಕೊ ಶೈಲಿಯ ಮಸೀದಿಯಲ್ಲಿ ನಮಾಜಿಗೆ ಜನರಿಲ್ಲವಾಯಿತು. ಮಾಲೇರ್‌ಕೋಟ್ಲಾ ಮಾತ್ರ ಶಾಂತವಾಗಿತ್ತು. ಗುರು ಗೋವಿಂದ ಸಿಂಗರ ಎಳೆಯ ಮಕ್ಕಳನ್ನು ಸರ್‌ಹಿಂದ್‌ನಲ್ಲಿ ಗೋಡೆಯಲ್ಲಿಟ್ಟು ಕೊಲ್ಲುವಾಗ ಮಾಲೇರ್‌ಕೋಟ್ಲಾದ ನವಾಬ ಶೇರ್ ಮುಹಮ್ಮದ್ ಖಾನ್ ತುಂಬಿದ ಸಭೆಯಲ್ಲಿ ಇದು ಅನ್ಯಾಯ ಎಂದು ಪ್ರತಿಭಟಿಸಿದ್ದ. ಸಿಖ್ಖರು ಅದನ್ನು ಮರೆತಿರಲಿಲ್ಲ. ಯಾವ ಸನ್ನದಿನಲ್ಲೂ ಬರೆಯದ ಈ ನಂಟು ಸಹಿ ಮೊಹರು ಬಿದ್ದ ಒಪ್ಪಂದಗಳಿಗಿಂತ ಗಟ್ಟಿಯಾಗಿ ನಿಂತಿತು.

1948ರ ಜುಲೈ 15ರಂದು ಸರ್ದಾರ್ ಪಟೇಲರು ಪಟಿಯಾಲಾಕ್ಕೆ ಬಂದು ಪೆಪ್ಸುವನ್ನು ಉದ್ಘಾಟಿಸಿದರು. ಸುಮಾರು 35 ಲಕ್ಷ ಜನರ ಆ ರಾಜ್ಯಕ್ಕೆ ಯಾದವೀಂದ್ರ ಸಿಂಗ್ ರಾಜಪ್ರಮುಖ, ಕಪೂರ್ತಲಾದ ವೃದ್ಧ ಜಗತ್‌ಜಿತ್ ಸಿಂಗ್ ಉಪರಾಜಪ್ರಮುಖ. 1952ರ ಚುನಾವಣೆಯ ನಂತರ ಜ್ಞಾನ್ ಸಿಂಗ್ ರಾರೇವಾಲಾ ಅಲ್ಲಿ ಕಾಂಗ್ರೆಸ್ಸೇತರ ಸಂಪುಟ ರಚಿಸಿದರು. ದೇಶದಲ್ಲಿ ಅದು ಅಂಥ ಮೊದಲ ಪ್ರಯೋಗ. ವರ್ಷ ತುಂಬುವ ಮೊದಲೇ, 1953ರ ಮಾರ್ಚಿನಲ್ಲಿ, ರಾಷ್ಟ್ರಪತಿ ಆಡಳಿತ ಬಂತು.

ಆ ಹೊತ್ತಿಗೆ ಹಳ್ಳಿಗಳಲ್ಲಿ ಇನ್ನೊಂದು ಹೋರಾಟ ಕುದಿಯುತ್ತಿತ್ತು. ತಲೆಮಾರುಗಳಿಂದ ಉಳುತ್ತಿದ್ದ ನೆಲದ ಮೇಲೆ ಸಂಸ್ಥಾನದ ಕಾಲದ ಒಡೆಯರು, ಅಂದರೆ ಬಿಸ್ವೇದಾರರು, ಬೆಳೆಯ ಪಾಲು ಎತ್ತುತ್ತಿದ್ದರು. ಮುಜಾರಾ ಎಂದು ಕರೆಸಿಕೊಳ್ಳುತ್ತಿದ್ದ ಗೇಣಿದಾರರು ಪಾಲು ಕೊಡುವುದನ್ನೇ ನಿಲ್ಲಿಸಿದ್ದರು. ಕಿಶನ್‌ಗಢ ಹಳ್ಳಿಗೆ 1949ರಲ್ಲಿ ಸೇನೆಯೇ ಬರಬೇಕಾಗಿತ್ತು. ರಾಷ್ಟ್ರಪತಿ ಆಡಳಿತದ ಕಾಲದಲ್ಲಿ ಬಂದ ಕಾನೂನುಗಳು ಆ ಗೇಣಿದಾರರಿಗೆ ಉಳುವ ನೆಲದ ಒಡೆತನ ಕೊಟ್ಟವು. 1956ರ ನವೆಂಬರ್ 1ರಂದು, ಕನ್ನಡ ನಾಡು ಒಂದಾದ ದಿನವೇ, ಪೆಪ್ಸು ಪಂಜಾಬಿನಲ್ಲಿ ಕರಗಿತು. ಅಷ್ಟರಲ್ಲಿ ಮುಜಾರಾಗಳ ಹೆಸರು ಪಹಣಿಯಲ್ಲಿ ಒಡೆಯರ ಕಾಲಂಗೆ ಏರಿಯಾಗಿತ್ತು.